ಮೇಸ್ತ್ರಿ ಬಂದದ್ದು ನಿಜ

ಜನವರಿ ೧೮, ಶನಿವಾರ
ಬೇಕರಿಯ ಹಿಂದಿನ ಕೋಣೆ, ಹಿಟ್ಟಿನ ಮೂಟೆಯ ಮೇಲೆ

ಮಂಚದ ಮೇಲೆ ದರ್ಬಾರು ನಡೆಸುತ್ತಿರುವ ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ನಾನು, ನಿನ್ನ ಸೋದರಮಾವ, ಎರಡು ಒಲೆ, ಎಲ್ಲರೂ ಕ್ಷೇಮ. ಡಾಕ್ಟರು ಹೇಳಿದ ಹಾಗೆ ಮಲಗಿದ್ದೀಯ ತಾನೇ? ಹುಟ್ಟಿದಾಗಿನಿಂದ ಒಂದು ಕಡೆ ಕೂರದವಳನ್ನು ಹೆರಿಗೆಯವರೆಗೆ ಮಲಗಿಸಿದ ಆ ಡಾಕ್ಟರಮ್ಮನಿಗೆ ನಾನೊಂದು ಕೇಕು ಕೊಡಬೇಕು. ಇಪ್ಪತ್ತು ವರ್ಷ ಪ್ರಯತ್ನಪಟ್ಟರೂ ನನ್ನ ಕೈಯಲ್ಲಿ ಆಗಿರಲಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬೇಕರಿಯ ಫೋನು ಗಲ್ಲಾದ ಪಕ್ಕದಲ್ಲಿದೆ, ಬ್ರೆಡ್ಡಿಗೆ ಬಂದವರೆಲ್ಲ ಕಿವಿ ಕೊಟ್ಟು ನಿಲ್ಲುತ್ತಾರೆ. ಅದೂ ಅಲ್ಲದೆ ನನ್ನ ಬಾಯಿ ನಿನಗೆ ಗೊತ್ತು. ಕಷ್ಟದ ಮಾತು ಬಂದ ಕೂಡಲೇ ತಮಾಷೆ ಮಾಡಿ ಜಾರಿಕೊಳ್ಳುತ್ತದೆ. ಕಾಗದದಲ್ಲಿ ಜಾರಿದರೆ ಹಿಂದಕ್ಕೆ ಬಂದು ಮತ್ತೆ ಬರೆಯಬಹುದು. ಐದನೇ ಕ್ಲಾಸಿನ ಅಕ್ಷರ, ಅಳಿಯಂದಿರ ಎದುರು ಓದಿ ನಗಬೇಡ.

ಮೊದಲು ಒಳ್ಳೆಯದನ್ನು ಬರೆಯುತ್ತೇನೆ. ನೀನು ಕ್ಯಾಮೆರಾ ಕೊಟ್ಟು, ಈ ಚಳಿಗಾಲ ನನ್ನ ಬದಲು ನೀನು ಹೋಗಮ್ಮ ಎಂದಾಗ ನಾನು ಒಳಗೊಳಗೇ ಬೈದುಕೊಂಡಿದ್ದೆ. ಹಕ್ಕಿ ಹಿಂದೆ ಅಲೆದು ಮಗಳ ಚಪ್ಪಲಿ ಸವೆಯಿತು, ಈಗ ತಾಯಿಯ ಸರದಿ ಅಂತ. ಈಗ ಹೇಳುತ್ತೇನೆ, ಯಾರಿಗೂ ಹೇಳಬೇಡ, ನನಗೆ ಅದರ ಹುಚ್ಚು ಹಿಡಿದಿದೆ. ಬೆಳಗಿನ ಬ್ರೆಡ್ಡು ಇಳಿಸಿ, ಏಪ್ರನ್ನಿನ ಮೇಲೇ ಕೋಟು ಹಾಕಿಕೊಂಡು ಹೊರಟುಬಿಡುತ್ತೇನೆ. ದಂಡೆಯಲ್ಲಿ ಮಂಜು ಇನ್ನೂ ಕರಗಿರುವುದಿಲ್ಲ. ಮರಳು ಕಾಲಿಗೆ ಕೊರೆಯುತ್ತದೆ. ನೀರು ಹಿಂದೆ ಸರಿದ ಕಡೆ ಮರಳಿನ ಮೇಲೆ ಗೆರೆ ಗೆರೆ, ನಾದಿದ ಹಿಟ್ಟಿನ ಮೇಲೆ ಬೆರಳು ಎಳೆದ ಹಾಗೆ. ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಕಂಬದ ಮೇಲೆ ನಿಂತಿರುತ್ತವೆ, ಬಟ್ಟೆ ಒಣಹಾಕಿ ಮರೆತು ಹೋದವರ ಮನೆಯ ಹಾಗೆ. ನಲವತ್ತೆಂಟು ವರ್ಷ ಈ ಊರಲ್ಲಿದ್ದು ಸಮುದ್ರದ ಕಡೆ ಬೆನ್ನು ಹಾಕಿ ಒಲೆ ನೋಡುತ್ತಾ ಕೂತಿದ್ದೆನಲ್ಲ ಅನ್ನಿಸಿತು.

ಮೊದಲ ರೀಲು ತೊಳೆಸಿದಾಗ ಸ್ಟುಡಿಯೋದವನು ಒಂದೊಂದೇ ಫೋಟೋ ನೋಡಿ, ಅಕ್ಕಾ, ಎಲ್ಲದರಲ್ಲೂ ಸಮುದ್ರ ಒಂದು ಕಡೆಗೆ ವಾಲಿದೆಯಲ್ಲ, ನೀರು ಚೆಲ್ಲಲಿಲ್ಲವಾ ಎಂದು ಕೇಳಿದ. ಎರಡನೇ ರೀಲಿನಲ್ಲಿ ಸಮುದ್ರ ನೆಟ್ಟಗಾಗಿದೆ. ಹನ್ನೆರಡು ಫೋಟೋ ಇದರ ಜೊತೆ ಇಟ್ಟಿದ್ದೇನೆ. ನೀರುಕಾಗೆಯದು ಚೆನ್ನಾಗಿದೆ ಅಂತ ನನಗೇ ಅನ್ನಿಸಿತು.

ಈಗ ಮೇಸ್ತ್ರಿ ವಿಷಯ.

ಆರು ಚಳಿಗಾಲ ಅದೇ ಬಂಡೆಗೆ ಬರುವ ಆ ಬೂದು ಹಕ್ಕಿಗೆ ನೀನು ಮೇಸ್ತ್ರಿ ಅಂತ ಹೆಸರಿಟ್ಟೆ, ಕೈ ಹಿಂದೆ ಕಟ್ಟಿಕೊಂಡು ಕೆಲಸ ನೋಡುವವನ ಹಾಗೆ ಅತ್ತಿತ್ತ ನಡೆಯುತ್ತದೆ ಅಂತ. ಆರು ವರ್ಷದ ಆರು ಫೋಟೋ ಇಲ್ಲಿ ನಿನ್ನ ಕೋಣೆಯ ಗೋಡೆ ಮೇಲಿವೆ. ಆರರಲ್ಲೂ ರೆಕ್ಕೆಯಲ್ಲಿ ಒಂದೇ ಒಂದು ಬಿಳಿ ಗರಿ, ಎಡಗಾಲಿಗೆ ಹಕ್ಕಿ ಲೆಕ್ಕ ಇಡುವವರು ಯಾರೋ ತೊಡಿಸಿದ ಎರಡು ಬಳೆ, ಮೇಲೆ ಹಳದಿ, ಕೆಳಗೆ ಹಸಿರು. ಡಾಕ್ಟರು ನಿನ್ನನ್ನು ಮಲಗಿಸಿದ ದಿನ ನೀನು ಫೋನಿನಲ್ಲಿ ಒಂದು ಮಾತು ಅಂದೆ. ಅಮ್ಮ, ಹೋದ ಸಲ ಆದದ್ದು ಆಯಿತು, ಈ ಸಲ ಮೇಸ್ತ್ರಿ ಬಂದರೆ ನನ್ನ ಹೊಟ್ಟೆಯದೂ ನಿಲ್ಲುತ್ತದೆ ಅನ್ನಿಸುತ್ತಿದೆ ಅಂತ. ನಾನು ನಕ್ಕೆ. ನೀನು ನಗಲಿಲ್ಲ.

ಡಿಸೆಂಬರಿನಲ್ಲಿ ನಾನು ಬರೆದೆ, ಮೇಸ್ತ್ರಿ ಬಂದ, ಬಳೆ ಎರಡೂ ಮಿರಮಿರ ಅನ್ನುತ್ತಿವೆ, ನಿನ್ನನ್ನು ಕೇಳಿದ ಅಂತ.

ಅದು ಸುಳ್ಳು, ಪುಟ್ಟಿ. ಬಂದಿರಲಿಲ್ಲ. ಎರಡು ವಾರ ಕಾದು, ಬಂಡೆ ಖಾಲಿ ನೋಡಿ, ಮನೆಗೆ ಬಂದು ಗೋಡೆಯ ಫೋಟೋ ನೋಡಿಕೊಂಡು ಬರೆದೆ. ನಿನ್ನ ಇಂಥ ಹೊತ್ತಿನಲ್ಲಿ ಹಕ್ಕಿ ಬರಲಿಲ್ಲ ಅಂತ ಬರೆಯಲು ನನ್ನ ಕೈ ಏಳಲಿಲ್ಲ. ನೀನು ಫೋಟೋ ಎಲ್ಲಿ ಅಂತ ಕೇಳಿದಾಗಲೆಲ್ಲ ರೀಲು ಮುಗಿದಿಲ್ಲ ಅಂದೆ, ಬೆಳಕಿಲ್ಲ ಅಂದೆ. ಸ್ಟುಡಿಯೋದವನು, ಬೇರೆ ಬೂದು ಹಕ್ಕಿ ತೆಗೆದು ಕಾಲು ಕತ್ತರಿಸಿ ಪ್ರಿಂಟು ಹಾಕಿಕೊಡುತ್ತೇನೆ ಅಂದ. ಹಕ್ಕಿಯದಲ್ಲ, ಫೋಟೋದಲ್ಲಿನ ಕಾಲು. ಬೇಡ ಅಂದೆ. ನಿನ್ನ ಕಣ್ಣಿಗೆ ಮಣ್ಣೆರಚುವಷ್ಟು ಬುದ್ಧಿ ಅವನಿಗೂ ಇಲ್ಲ, ನನಗೂ ಇಲ್ಲ.

ದಿನಾ ಹುಡುಕಿದೆ. ನೀನು ಒಬ್ಬಳೇ ಹೋಗಬೇಡ ಅಂದ ಪಾಚಿ ಬಂಡೆಗಳ ಆಚೆಗೂ ಹೋದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಹೋದ ವಾರ ಶುಕ್ರವಾರ, ಬೆಳಗ್ಗೆ ಎಂಟೂವರೆಗೆ, ಮೇಸ್ತ್ರಿ ಅಲ್ಲಿದ್ದ. ತನ್ನ ಬಂಡೆ ಬಿಟ್ಟು ನಾಲ್ಕು ಬಂಡೆ ಆಚೆ. ರೆಕ್ಕೆಯಲ್ಲಿ ಅದೇ ಒಂದು ಬಿಳಿ ಗರಿ. ಉಸಿರು ಬಿಗಿಹಿಡಿದು ಒಂಬತ್ತು ಸಲ ಒತ್ತಿದೆ. ಹಿಂದಕ್ಕೆ ತಿರುಗುವಾಗ ಜಾರಿದೆ. ನಾನು ಮೊಣಕಾಲು ಊರಿ ಬಿದ್ದೆ, ಕ್ಯಾಮೆರಾ ನೀರಿಗೆ ಬಿತ್ತು. ಅಲೆ ಎಳೆದುಕೊಳ್ಳುವ ಮೊದಲೇ ಹಿಡಿದೆ.

ನಮ್ಮ ಬೇಕರಿಯಲ್ಲಿ ಒದ್ದೆಯಾದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಚಿಕ್ಕ ಒಲೆಗೆ. ಬೆಳಗ್ಗೆ ಅದನ್ನು ಉರಿಸುವುದಿಲ್ಲ, ದೊಡ್ಡದರ ಗೋಡೆಯ ಬಿಸಿಗೇ ಬೆಚ್ಚಗಿರುತ್ತದೆ. ನಿನ್ನ ಸ್ಕೂಲಿನ ಶೂ, ಪುಸ್ತಕ, ಒಂದು ಸಲ ಬೆಕ್ಕು, ಎಲ್ಲ ಒಣಗಿದ್ದು ಅಲ್ಲೇ. ಒಳಗೆ ಏನಾದರೂ ಇಟ್ಟರೆ ಬಾಗಿಲಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಬೇಕು, ಬಟ್ಟೆ ಇದ್ದರೆ ನಿನ್ನ ಮಾವ ಬೆಂಕಿ ಹಾಕುವುದಿಲ್ಲ. ಮೂವತ್ತು ವರ್ಷದಲ್ಲಿ ಈ ನಿಯಮ ತಪ್ಪಿರಲಿಲ್ಲ. ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ಒಳಗಿಟ್ಟೆ. ಯಾವಾಗಲೂ ಆ ಬಟ್ಟೆ ಇರುವ ಏಪ್ರನ್ನಿನ ಜೇಬಿಗೆ ಕೈ ಹಾಕಿದರೆ ಅದು ಇಲ್ಲ. ಎಲ್ಲೋ ಬಿತ್ತು ಅಂದುಕೊಂಡೆ, ಆಮೇಲೆ ಹುಡುಕೋಣ ಅಂತ ಕೂತೆ, ಕೂತಲ್ಲೇ ಕಣ್ಣು ಹತ್ತಿತು.

ಮಧ್ಯಾಹ್ನ ನಿನ್ನ ಮಾವ ಬಿಸ್ಕತ್ತಿಗೆ ಒಲೆ ಹಚ್ಚಿದ್ದಾನೆ. ವಾಸನೆಗೆ ನನಗೆ ಎಚ್ಚರವಾಯಿತು. ಅವನು ಇಕ್ಕಳದಲ್ಲಿ ಹೊರಗೆಳೆದದ್ದು ಕ್ಯಾಮೆರಾ ಅಂತ ಹೇಳಲು ಒಬ್ಬ ಸಾಕ್ಷಿ ಬೇಕಾಗಿತ್ತು. ರೀಲು ಅಂಟಿನ ಹಾಗೆ ಆಗಿತ್ತು. ಬಟ್ಟೆ ಎಲ್ಲಿ, ಬಟ್ಟೆ ಯಾಕೆ ಕಟ್ಟಲಿಲ್ಲ ಎಂದು ಅವನು ಕೇಳಿದ. ಏಳಲು ಹೋದಾಗ ನನ್ನ ಕಾಲು ಮಡಚಲಿಲ್ಲ. ನೋಡಿದರೆ ಆ ಬಟ್ಟೆಯನ್ನು ಮೊಣಕಾಲಿಗೆ ಕಟ್ಟಿಕೊಂಡಿದ್ದೆ. ದಂಡೆಯಲ್ಲೇ ರಕ್ತ ನಿಲ್ಲಲಿ ಅಂತ ಕಟ್ಟಿದ್ದು, ಕೆಂಪಿನ ಮೇಲೆ ಕೆಂಪು, ನನಗೇ ನೆನಪಿರಲಿಲ್ಲ.

ಗಾಬರಿಯಾಗಬೇಡ, ಮೂಳೆ ಮುರಿದಿಲ್ಲ, ನಾಲ್ಕು ಹೊಲಿಗೆ ಅಷ್ಟೇ. ನಿನ್ನ ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಯಾರಿಗೂ ಹೇಳದೆ ದಂಡೆಗೆ ಹೋಗಿ ಬಂದ. ಏನು ಕಂಡೆಯೋ ಅಂದರೆ, ಹಕ್ಕಿ ಅಂದ. ಯಾವ ಹಕ್ಕಿ ಅಂದರೆ, ಅದೇ, ಹಕ್ಕಿ ಅಂದ.

ನಿನ್ನ ಮೊದಲ ಸಂಬಳದ ಕ್ಯಾಮೆರಾ ಅದು. ಅದಕ್ಕೆ ಏನು ಬರೆದರೂ ಸಾಲದು. ಆದರೆ ಅದಕ್ಕಿಂತ ನನ್ನನ್ನು ಸುಡುತ್ತಿರುವುದು ಬೇರೆ. ಬರದಿದ್ದಾಗ ಬಂದ ಅಂದೆ, ನೀನು ನಂಬಿದೆ. ಈಗ ನಿಜವಾಗಿ ಬಂದಿದ್ದಾನೆ, ತೋರಿಸಲು ಕೈಯಲ್ಲಿ ಏನೂ ಇಲ್ಲ. ನೀನು ಇನ್ನು ನನ್ನ ಯಾವ ಮಾತನ್ನು ನಂಬುತ್ತೀಯೋ ಗೊತ್ತಿಲ್ಲ. ನಂಬದಿದ್ದರೂ ಮಲಗಿರು. ಮಗು ನಿಲ್ಲುವುದಕ್ಕೂ ಹಕ್ಕಿಗೂ ಸಂಬಂಧವಿಲ್ಲ, ಅದನ್ನು ಡಾಕ್ಟರಮ್ಮನೂ ಹೇಳುತ್ತಾರೆ, ಕೇಳು.

ಹೊಲಿಗೆ ಬಿಚ್ಚಿದ ಮೇಲೆ ನಾನೇ ಬರುತ್ತೇನೆ. ಬೈಯಬೇಕು ಅನ್ನಿಸಿದರೆ ಅಲ್ಲಿಯವರೆಗೆ ಕೂಡಿಟ್ಟುಕೊ, ಆದರೆ ಮಲಗಿಕೊಂಡೇ ಬೈಯಬೇಕು.

ಕುಂಟುತ್ತಿರುವ ನಿನ್ನ
ಅಮ್ಮ

ಮರೆತಿದ್ದೆ: ಮೇಸ್ತ್ರಿಯ ಕಾಲಿನಲ್ಲಿ ಈಗ ಹಳದಿ ಬಳೆ ಇಲ್ಲ. ಎಲ್ಲಿ ಕಳಚಿ ಬಿತ್ತೋ. ಹಸಿರೊಂದೇ ಇದೆ, ಅದೂ ಮಾಸಿ ಬೆಳ್ಳಗಾಗಿದೆ. ಗೋಡೆಯ ಆರು ಫೋಟೋದಲ್ಲೂ ಎರಡಿವೆ. ಈ ಸಲವೂ ಸುಳ್ಳು ಬರೆಯುವುದಾಗಿದ್ದರೆ ಗೋಡೆ ನೋಡಿಕೊಂಡು ಎರಡೂ ಬರೆಯುತ್ತಿದ್ದೆ.