ಗೂಡಿಲ್ಲದ ಬಂಡೆ

ಕಡಲ ಕಡೆಯ ಹೋಟೆಲು, ಮೂರನೇ ಮಹಡಿ
ಹದಿನೆಂಟನೇ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಎರಡು ವರ್ಷದ ಮೇಲೆ ಅಕ್ಕನ ಅಕ್ಷರ ನೋಡಿ ಗಾಬರಿಯಾಗಬೇಡ. ಎಲ್ಲರೂ ಹೇಗಿದ್ದೀರಿ? ಅಪ್ಪನ ಕೆಮ್ಮು ಇಳಿಯಿತೇ? ಕಿವಿಯ ಯಂತ್ರ ಹಾಕಿಕೊಳ್ಳುತ್ತಾರೋ, ಇನ್ನೂ ಅಂಗಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾರೋ? ನಿನ್ನ ಸೊಂಟನೋವಿನ ಸುದ್ದಿ ನಿನ್ನ ಹೆಂಡತಿಯಿಂದ ತಿಳಿಯಿತು. ಏಣಿ ಹತ್ತಿ ಬಣ್ಣ ಬಳಿಯುವ ವಯಸ್ಸು ನಿನಗೂ ದಾಟಿತು ಅಂದರೆ ಸಿಟ್ಟು ಮಾಡಿಕೊಳ್ಳುತ್ತೀಯ, ಅದಕ್ಕೆ ಅನ್ನುವುದಿಲ್ಲ. ನಾನು ಚೆನ್ನಾಗಿದ್ದೇನೆ. ಡ್ರಾಯಿಂಗ್ ಟೀಚರ್ ಕೆಲಸದಿಂದ ನಿವೃತ್ತಿಯಾದ ಮರುವಾರವೇ ಹದಿಮೂರು ಜನರ ಗುಂಪಿನ ಜೊತೆ ಉತ್ತರದ ಈ ಚಳಿದೇಶಕ್ಕೆ ವಿಮಾನ ಹತ್ತಿದೆ. ಮಂಡಿ ಆಗಾಗ ಕಟಕಟ ಅನ್ನುತ್ತದೆ, ಅಷ್ಟು ಬಿಟ್ಟರೆ ಏನೂ ಇಲ್ಲ.

ಬಂದ ಮೇಲೆ ನೋಡಿದ್ದು ಬಹಳ. ಹಿಮದ ನದಿ ಅಂತ ಒಂದನ್ನು ತೋರಿಸಿದರು. ಪುಸ್ತಕದಲ್ಲಿ ಓದಿದಷ್ಟು ಬೆಳ್ಳಗಿರಲಿಲ್ಲ, ಸರಿಯಾಗಿ ಒಗೆಯದ ಹಾಸಿಗೆ ಹೊದಿಕೆಯ ಬಣ್ಣ. ಆದರೆ ಅದರ ಸೀಳಿನೊಳಗೆ ಇಣುಕಿದರೆ ಕಾಣುವ ನೀಲಿ ಇದೆಯಲ್ಲ, ಅದನ್ನು ನೀನೂ ಕಲಸಲಾರೆ, ನಾನೂ ಕಲಸಲಾರೆ. ಇನ್ನೊಂದು ದಂಡೆಯಲ್ಲಿ ಸೀಲ್‌ಗಳು ಹೊಟ್ಟೆತುಂಬ ಉಂಡ ನೆಂಟರ ಹಾಗೆ ಮಲಗಿದ್ದವು. ಒಂದು ಕಣ್ಣು ಬಿಟ್ಟು ನಮ್ಮನ್ನು ನೋಡಿತು, ನೋಡುವಂಥದ್ದೇನೂ ಇಲ್ಲವೆಂದು ಮತ್ತೆ ಮುಚ್ಚಿಕೊಂಡಿತು. ನಮ್ಮ ಗುಂಪಿನಲ್ಲಿ ಒಬ್ಬರು ಬ್ಯಾಂಕಿನ ಮಾಜಿ ಮ್ಯಾನೇಜರು ಇದ್ದಾರೆ. ಅವರು ತೆಗೆದ ಫೋಟೋಗಳಲ್ಲೆಲ್ಲ ಅರ್ಧ ಪ್ರಕೃತಿ, ಅರ್ಧ ಅವರ ಹೆಬ್ಬೆರಳು.

ಈ ಪ್ರವಾಸವನ್ನೇ ನಾನು ಆರಿಸಿದ್ದೇಕೆಂದು ನಿನಗೆ ಹೊಳೆದಿರಬಹುದು. ನಿಮ್ಮ ಮ್ಯೂಸಿಯಂನ ಹಕ್ಕಿಗಳ ಹಾಲ್‌ನಲ್ಲಿ, ಗಾಜಿನೊಳಗೆ, ಹತ್ತಿ ತುಂಬಿದ ಕಡಲ ಹಕ್ಕಿಗಳ ಹಿಂದಿನ ಗೋಡೆಗೆ ಅಪ್ಪ ಬರೆದ ಬಂಡೆಯಿದೆಯಲ್ಲ, ಆ ಬಂಡೆ ಇಲ್ಲಿದೆ. ಅಪ್ಪ ಇದನ್ನು ಕಂಡವರಲ್ಲ, ಒಂದು ಕಪ್ಪು ಬಿಳುಪು ಫೋಟೋ ಇಟ್ಟುಕೊಂಡು ಬರೆದವರು. ಅವರ ಕುರ್ಚಿಗೇ ನೀನು ಬಂದೆ. ಚಿತ್ರದಲ್ಲಿ ಪ್ರತಿ ಮೊಟ್ಟೆಯ ಕೆಳಗೂ ಕಡ್ಡಿಯ ಗೂಡಿದೆ, ಈ ಜಾತಿ ಗೂಡೇ ಕಟ್ಟುವುದಿಲ್ಲ ಅಂದೆ. ಅಷ್ಟು ಅಂದಿದ್ದರೆ ಸಾಕಿತ್ತು. ತಿದ್ದಲು ಅನುಮತಿ ಕೇಳಿ ಮೇಲಿನವರಿಗೆ ಕೊಟ್ಟ ವರದಿಯಲ್ಲಿ ‘ಮೂಲ ಕಲಾವಿದರ ಅಜ್ಞಾನದಿಂದ’ ಎಂದು ಬರೆದೆ. ಅಪ್ಪ ಅದನ್ನು ಊಟದ ಮೇಜಿನಲ್ಲಿ ಓದಿ, ಕನ್ನಡಕ ತೆಗೆದು, “ಹೌದಪ್ಪಾ, ತಪ್ಪೇ ಅದು” ಎಂದರು. ನಾನು ಮಾತ್ರ “ಅಪ್ಪನ ಕೆಲಸದ ಮೇಲೆ ಕೈ ಇಟ್ರೆ ನಿನ್ನ ಹೊಸ್ತಿಲು ತುಳಿಯಲ್ಲ” ಎಂದು ಅರ್ಧ ಊಟಕ್ಕೇ ಎದ್ದು ಬಂದೆ. ತುಳಿಯಲಿಲ್ಲ. ನೀನೂ ಕುಂಚ ಎತ್ತಲಿಲ್ಲವಂತೆ.

ನಿನ್ನೆ ಸಂಜೆ ದೋಣಿಯಲ್ಲಿ ಬಂಡೆಯ ಬುಡಕ್ಕೆ ಕರೆದೊಯ್ದು ದಡದ ಕಲ್ಲುಗಳ ಮೇಲೆ ಇಳಿಸಿದರು. ಮೊದಲು ಸಿಕ್ಕಿದ್ದು ನಾತ, ಆಮೇಲೆ ಗದ್ದಲ: ಟೀಚರು ಬಾರದ ಹತ್ತು ತರಗತಿಗಳನ್ನು ಒಂದೇ ಕೋಣೆಗೆ ಕೂಡಿದಂತೆ. ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಸಾವಿರಾರು ಹಕ್ಕಿಗಳು ಗೇಣಗಲದ ಅಂಚುಗಳ ಮೇಲೆ, ಕೋರ್ಟಿನ ವರಾಂಡದ ವಕೀಲರ ಹಾಗೆ ಭುಜಕ್ಕೆ ಭುಜ ಒತ್ತಿ ನಿಂತಿದ್ದವು. ದುರ್ಬೀನು ಹಿಡಿದು ಹುಡುಕಿದೆ. ತಡವಾಗಿ ಇಟ್ಟ ಮೊಟ್ಟೆಯೊಂದು ಕಂಡಿತು, ಬುಗುರಿಯ ಹಾಗೆ ಒಂದು ತುದಿ ಚೂಪು, ಬರಿಗಲ್ಲಿನ ಮೇಲೆ. ಗೂಡು ಎಲ್ಲಿ ಎಂದು ನಮ್ಮ ಗುಂಪಿನ ಗೈಡಮ್ಮನನ್ನು ಕೇಳಿದೆ. “ಗೂಡಾ? ಇವಕ್ಕೆ ಅದೆಲ್ಲ ಇಲ್ಲಮ್ಮ, ಕಲ್ಲೇ ಹಾಸಿಗೆ” ಎಂದಳು.

ಬೆಳಕು ಇಳಿಯುತ್ತಿದ್ದಂತೆ ಮರಿಗಳು ಒಂದೊಂದೇ ಅಂಚಿಗೆ ಬಂದವು. ಹುಟ್ಟಿ ಮೂರೇ ವಾರ, ಹಾರಲು ಬಾರದು. ಕೆಳಗೆ ನೀರಿನಿಂದ ಗಂಡುಹಕ್ಕಿ ಕೂಗುತ್ತದೆ, ಮೇಲಿನಿಂದ ಮರಿ ಕೂಗುತ್ತದೆ, ಆಮೇಲೆ ಧುಮುಕಿಬಿಡುತ್ತದೆ. ಮೊದಲನೆಯದನ್ನು ಕಡಲಕಾಗೆ ಗಾಳಿಯಲ್ಲೇ ಹಿಡಿಯಿತು. ಎರಡನೆಯದು ನೀರು ಸೇರಿತು. ಮೂರನೆಯದು ನನ್ನಿಂದ ಒಂದು ಮಾರು ದೂರದ ಕಲ್ಲಿಗೆ ಬಡಿದು, ಬಟ್ಟೆಚೆಂಡಿನಂತೆ ಪುಟಿದು, ಬಿದ್ದಲ್ಲೇ ಇತ್ತು. ಎತ್ತಿಕೊಳ್ಳಲು ಬಗ್ಗಿದೆ. ಗೈಡಮ್ಮ ಹಿಂದಿನಿಂದ ಸ್ವೆಟರು ಹಿಡಿದು ಜಗ್ಗಿ, “ಮುಟ್ಬೇಡಿ. ಅವರಪ್ಪ ಕರೀತಿದಾನೆ, ಕೇಳಿಸ್ಕೊಳ್ಲಿ” ಎಂದಳು. ಅಷ್ಟೊಂದು ಗಲಾಟೆಯಲ್ಲಿ ಯಾರ ಅಪ್ಪ ಯಾರನ್ನು ಕರೆದನೋ ನನಗಂತೂ ತಿಳಿಯಲಿಲ್ಲ. ಮರಿಗೆ ತಿಳಿಯಿತು. ಎದ್ದು, ತೂರಾಡುತ್ತ, ನನ್ನ ಎರಡು ಬೂಟುಗಳ ನಡುವೆ ಹಾದು ನೀರಿಗಿಳಿಯಿತು. ಗಂಡುಹಕ್ಕಿ ಬಂದು ಪಕ್ಕಕ್ಕೆ ಸೇರಿಕೊಂಡಿತು. ಮರಿ ಹಾರುವುದನ್ನು ಕಲಿಯುವವರೆಗೂ ಅದು ಜೊತೆ ಬಿಡುವುದಿಲ್ಲವಂತೆ. ಎರಡೂ ಚುಕ್ಕೆಯಾಗುವವರೆಗೆ ನಿಂತಿದ್ದೆ. ಅಳುವೇನೂ ಬರಲಿಲ್ಲ, ಕಾಲು ಮರಗಟ್ಟಿತ್ತು ಅಷ್ಟೇ.

ನೀನು ಹೇಳಿದ್ದೇ ಸರಿ. ಗೂಡುಗಳನ್ನು ಅಳಿಸು. ಬಂಡೆಗೆ ಬೂದಿಬಣ್ಣ ಸಾಲದು, ಹಿಕ್ಕೆಯ ಬಿಳಿ ಧಾರಾಳವಾಗಿ ಬೇಕು. ಇನ್ನು ಹತ್ತು ದಿನಕ್ಕೆ ಬರುತ್ತೇನೆ. ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು, ಅಪ್ಪನಿಗೆ ನಮಸ್ಕಾರ ಹೇಳು. ನಿನ್ನ ಸೊಂಟ ಗಟ್ಟಿಯಾಗಿ, ನೂರು ವರ್ಷ ಬಾಳು.

ನಿನ್ನ
ಅಕ್ಕ

ಮರೆತ ವಿಷಯ: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಆ ಗೂಡುಗಳು ಅಪ್ಪನವಲ್ಲ, ನನ್ನವು. ಹಾಲ್ ತೆರೆಯುವ ಹಿಂದಿನ ವಾರ ಅಪ್ಪ ಬಿದ್ದು ಬಲಗೈ ಮುರಿದುಕೊಂಡಿದ್ದರು. ನಿನಗೆ ಆರು ವರ್ಷ, ನನಗೆ ಹದಿನೇಳು. ಬಂಡೆಯ ನೆರಳು ತುಂಬು ಎಂದು ನನ್ನ ಕೈಗೆ ಕುಂಚ ಕೊಟ್ಟು ಊಟಕ್ಕೆ ಹೋದರು. ಬರಿಗಲ್ಲಿನ ಮೇಲೆ ಮೊಟ್ಟೆ ನೋಡಲಾಗದೆ ಇಪ್ಪತ್ತೆರಡು ಗೂಡು ಬರೆದೆ. ಅಪ್ಪನಿಗೆ ಅದು ತಪ್ಪೆಂದು ಗೊತ್ತಿತ್ತು. ಬಹಳ ಹೊತ್ತು ನೋಡಿ, “ಇರ್ಲಿ ಬಿಡು ಮಗಳೇ” ಎಂದು ಕೆಳಗೆ ಎಡಗೈಯಲ್ಲಿ ತಮ್ಮ ಸಹಿ ಹಾಕಿದರು. ಊಟದ ಮೇಜಿನಲ್ಲಿ ನೀನು ಬರೆದ ‘ಅಜ್ಞಾನ’ವನ್ನು ಓದಿದಾಗಲೂ ತಪ್ಪನ್ನು ಅವರೇ ಒಪ್ಪಿಕೊಂಡರು, ಅವರು ಒಪ್ಪಿಕೊಳ್ಳಲು ನಾನು ಬಿಟ್ಟೆ. ವರದಿಯಲ್ಲಿ ‘ಮೂಲ ಕಲಾವಿದರ’ ಎಂಬುದನ್ನು ಹೊಡೆದು ನನ್ನ ಹೆಸರು ಬರೆ. ಅದಕ್ಕೂ ಮೊದಲು ಅಪ್ಪನ ಪಕ್ಕ ಕೂತು ಇದನ್ನು ಗಟ್ಟಿಯಾಗಿ ಓದು. ಬೇಡ ಬಿಡೋ ಅಂದರೂ ನಿಲ್ಲಿಸಬೇಡ.