ಪೋಷಕರ ಕೋಣೆಯ ಕುರ್ಚಿ

ಅಪ್ಪಾ,

ನೀನು ಹೋದ ಮೇಲೆ ಇದು ಮೊದಲ ಬೇಸಿಗೆ. ಇವತ್ತು ನಮ್ಮ ಬಿಸಿನೆಸ್ ಸ್ಕೂಲಿನಲ್ಲಿ ಪ್ರವೇಶದ ಸಂದರ್ಶನವಿತ್ತು. ನೂರು ಜನ ಬಂದರೆ ಹತ್ತು ಜನಕ್ಕೆ ಸೀಟು. ಬಂದವರನ್ನು ಗೇಟಿನಲ್ಲಿ ಎದುರುಗೊಳ್ಳುವುದು ನಮ್ಮಂಥ ಹಿರಿಯ ವಿದ್ಯಾರ್ಥಿಗಳ ಕೆಲಸ. ಹಳದಿ ಅಂಗಿ ತೊಟ್ಟು ನಾನೂ ನಿಂತಿದ್ದೆ.

ಕ್ಲೆಮಾನ್ಸ್ ಎಂಬ ಹುಡುಗಿ ಅವಳಪ್ಪನ ಜೊತೆ ಬಂದಳು. ಆ ಅಪ್ಪನ ಬೂಟಿನ ಮೇಲೆ ಗಾರೆ ಒಣಗಿತ್ತು.

"ನೀನು ಕಾರಲ್ಲೇ ಇರಪ್ಪ. ಮನೆಯವರನ್ನ ಒಳಗೆ ಬಿಡಲ್ಲ," ಎಂದಳು, ನೆಲ ನೋಡುತ್ತ.

ಎರಡು ವರ್ಷದ ಹಿಂದೆ ಇದೇ ಗೇಟಿನಲ್ಲಿ ನಾನು ನಿನಗೆ ಹೇಳಿದ್ದೂ ಅದನ್ನೇ. ವಾಸನೆ ಬರಬಾರದೆಂದು ನೀನು ನಿನ್ನ ಮೀನಿನ ವ್ಯಾನನ್ನು ನಿಂಬೆಹಣ್ಣು ಹಾಕಿ ತಿಕ್ಕಿ, ನಮ್ಮೂರು ಬ್ರೆಸ್ಟ್‌ನಿಂದ ನನ್ನನ್ನು ಕರೆತಂದಿದ್ದೆ. "ಸರಿ ನೋಲ್ವೆನ್, ನೀನು ಹೋಗು," ಎಂದು ಬಿಸಿಲಲ್ಲಿ ಐದು ಗಂಟೆ ನೀನು ಆ ವ್ಯಾನಿನಲ್ಲೇ ಕೂತಿದ್ದೆ.

"ಬಿಡ್ತೀವಿ, ಬನ್ನಿ ಸಾರ್," ಎಂದೆ ಇವತ್ತು, ಆ ಹುಡುಗಿಯ ಅಪ್ಪನಿಗೆ. ಹುಡುಗಿ ನನ್ನನ್ನು ದುರುಗುಟ್ಟಿ ನೋಡಿದಳು.

ಪೋಷಕರಿಗೆಂದೇ ಇರುವ ಕೋಣೆಯಲ್ಲಿ ಅವರಿಗೆ ಕಾಫಿ ಕೊಟ್ಟೆ. ಕುರ್ಚಿಯ ತುದಿಯಲ್ಲಿ ಕೂತು ಅವರು, "ಚೆನ್ನಾಗಿ ನೋಡ್ಕೋತೀರಮ್ಮ. ನಿಮ್ಮಪ್ಪನೂ ಅವತ್ತು ಇಲ್ಲೇ ಕೂತಿದ್ರಾ?" ಎಂದು ಕೇಳಿದರು.

"ಹೂಂ," ಎಂದೆ. "ಇದೇ ಕುರ್ಚಿ."