ಜಿಂಕೆ ಮಾಂಸಕ್ಕೆ ನೀರು ತಾಗಿಸಬೇಡಿ

ರೀ,

ನಾನು ಡ್ಯೂಟಿಗೆ ಹೊರಟೆ. ಕಾಫಿ ಆಮೇಲೆ ಕುಡೀರಿ, ಮೊದಲು ಗ್ಯಾರೇಜಿಗೆ ಹೋಗಿ. ಅಲ್ಲಿ ತೂಗುಹಾಕಿರೋ ನಿಮ್ಮ ಜಿಂಕೆ ಹೊಟ್ಟೆಯೊಳಗಿನ ಐಸ್ ಚೀಲಗಳು ಕರಗ್ತಾ ಇವೆ, ಬೇರೆ ತಂದಿಡಿ. ಫ್ಯಾನ್ ಆರಿಸಬೇಡಿ. ಬಿಸಿಲೇರೋದರೊಳಗೆ ಕತ್ತರಿಸಿ ಫ್ರಿಜ್ಜಿಗೆ ಸೇರಿಸಿಬಿಡಿ. ಲೈಸೆನ್ಸ್ ತಗೊಂಡು ಬೇಟೆಗೆ ಹೋಗುವಾಗಿನ ಉತ್ಸಾಹ ಇದಕ್ಕೂ ಇರಲಿ!

ಅತ್ತೆ ನೀರಿನ ಪೈಪ್ ಹಿಡ್ಕೊಂಡು ಕಾಯ್ತಿದಾರೆ, "ತೊಳೀದೆ ಅದ್ಯಾವ ಬಾಡು ತಿಂತೀರವ್ವ" ಅಂತ. ಒದ್ದೆಯಾದ್ರೆ ಈ ಸೆಕೆಗೆ ಬೇಗ ಕೆಡುತ್ತೆ, ತೊಳೆಯೋಕೆ ಬಿಡಬೇಡಿ. ಆದ್ರೆ ಬೈಯಲೂಬೇಡಿ. ಒಂದು ತೊಡೆ ಅವರ ಕೈಗೆ ಕೊಟ್ಟು ಉಪ್ಪುಖಂಡ ಮಾಡವ್ವ ಅನ್ನಿ. ಉಪ್ಪು, ಅರಿಶಿನ ಮೇಜಿನ ಮೇಲಿದೆ. ಒಣಗಿಸೋದು ಮಾತ್ರ ಓವನ್‌ನಲ್ಲಿ.

ಮಂಡ್ಯದಿಂದ ಈ ಪರದೇಶಕ್ಕೆ ಬಂದು ಎರಡು ತಿಂಗಳು ಕಿಟಕಿ ಹತ್ರ ಸುಮ್ಮನೆ ಕೂತಿದ್ದವರು, ನಿನ್ನೆ ಜಿಂಕೆ ನೋಡಿ ಸೆರಗು ಸಿಕ್ಕಿಸ್ಕೊಂಡು "ಚಾಕು ಎಲ್ಲವ್ವಾ?" ಅಂದ್ರು.

ಮಧು